ಸೀಸದ ಸಂಸಾರ

ದೆಹಲಿಯ ಮಯೂರ್ ವಿಹಾರದ ಫ್ಲ್ಯಾಟುಗಳ ನಕ್ಷೆ ಬರೆದ ಪುಣ್ಯಾತ್ಮರು ದೇವರಿಗೂ ಜಾಗ ಬಿಡಲಿಲ್ಲ, ಬ್ಯಾಟರಿಗೂ ಬಿಡಲಿಲ್ಲ. ದೇವರು ಹೊಂದಿಕೊಳ್ಳುವ ಸ್ವಭಾವದವನು. ಫ್ರಿಜ್ಜಿನ ಮೇಲೆ, ಟಿವಿಯ ಪಕ್ಕದ ಗೂಡಿನಲ್ಲಿ, ಅಕ್ಕಿಡಬ್ಬಕ್ಕೂ ಉಪ್ಪಿನಕಾಯಿ ಭರಣಿಗೂ ನಡುವೆ, ಎಲ್ಲಿ ಕೂರಿಸಿದರೆ ಅಲ್ಲಿ ಕೂತ. ಬ್ಯಾಟರಿ ಹಾಗಲ್ಲ. ಅದಕ್ಕೆ ಗಾಳಿ ಬೇಕು, ನೆರಳು ಬೇಕು, ಒಲೆಯಿಂದ ದೂರವಿರಬೇಕು, ಮಕ್ಕಳ ಕೈಗೆ ಸಿಗಬಾರದು, ನೆಂಟರ ಕಣ್ಣಿಗೆ ಬೀಳಬಾರದು. ಇಷ್ಟೂ ಷರತ್ತು ಪೂರೈಸುವ ಜಾಗ ಎರಡು ಕೋಣೆಯ ಮನೆಯಲ್ಲಿ ಇಲ್ಲವೇ ಇಲ್ಲ. ಕೊನೆಗೆ ಎಲ್ಲರೂ ಬಾಗಿಲ ಹಿಂದೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಇಟ್ಟು ಕೈತೊಳೆದುಕೊಂಡರು. ಹೀಗಾಗಿ ಇಲ್ಲಿ ಯಾರ ಮನೆಗೆ ಹೋದರೂ ಮೊದಲು ಎದುರಾಗುವುದು ಮನೆಯ ಯಜಮಾನನಲ್ಲ. ಟ್ರಾಲಿಯ ಮೇಲೆ ಕೂತ ಕಪ್ಪು ಬ್ಯಾಟರಿ, ಅದರ ತಲೆಯ ಮೇಲೆ ಹಸಿರು ದೀಪದ ಇನ್ವರ್ಟರು, ಅದರ ಮೇಲೊಂದು ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವಿನ ಹೂದಾನಿ.

ಈ ಟ್ರಾಲಿಗೊಂದು ಇತಿಹಾಸವಿದೆ. ಯಮುನೆಯ ಈ ದಡವನ್ನು ದೆಹಲಿಯವರು ಜಮ್ನಾ ಪಾರ್ ಎನ್ನುತ್ತಾರೆ. ಎನ್ನುವಾಗ ಮೂಗು ಕೊಂಚ ಮುರಿಯುವುದೂ ಉಂಟು. ತೊಂಬತ್ತರ ದಶಕದಲ್ಲಿ ಇಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ, ಬರುವುದು ಸುದ್ದಿ. ಬಂದೊಡನೆ ಇಡೀ ಪಾಕೆಟ್ಟಿನ (ಫ್ಲ್ಯಾಟುಗಳ ಗುಂಪಿಗೆ ಇಲ್ಲಿ ಪಾಕೆಟ್ಟು ಎನ್ನುತ್ತಾರೆ) ಮಕ್ಕಳು ಒಕ್ಕೊರಲಿನಿಂದ ‘ಆ ಗಯೀ’ ಎಂದು ಕೂಗುತ್ತಿದ್ದರು. ಮೇ ತಿಂಗಳ ರಾತ್ರಿಗಳಲ್ಲಿ ಜನ ಚಾಪೆ, ದಿಂಬು, ನೀರಿನ ಸುರಾಹಿ ಹೊತ್ತು ತಾರಸಿ ಹತ್ತುತ್ತಿದ್ದರು. ಆ ತಾರಸಿಗಳಲ್ಲಿ ಮದುವೆ ಸಂಬಂಧಗಳು ಕುದುರಿದ್ದುಂಟು, ಗೊರಕೆಯ ಕಾರಣಕ್ಕೆ ಸ್ನೇಹಗಳು ಮುರಿದದ್ದೂ ಉಂಟು. ಮನೆಮನೆಗೆ ಇನ್ವರ್ಟರು ಬಂದಮೇಲೆ ಎಲ್ಲರೂ ಕೆಳಗಿಳಿದು ತಂತಮ್ಮ ಫ್ಯಾನಿನಡಿ ಸೇರಿಕೊಂಡರು. 2002ರ ಜುಲೈಯಲ್ಲಿ ದೆಹಲಿಯ ವಿದ್ಯುತ್ ವಿತರಣೆ ಖಾಸಗಿಯವರ ಕೈಗೆ ಹೋಯಿತು. ಅದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂಬ ಜಗಳ ನಮ್ಮ ಪಾರ್ಕಿನ ಬೆಂಚುಗಳ ಮೇಲೆ ಇನ್ನೂ ಮುಗಿದಿಲ್ಲ. ಕರೆಂಟು ಹೋಗುವುದಂತೂ ಬರಬರುತ್ತ ಅಪರೂಪವಾಯಿತು. 2024ರ ಜೂನ್ 19ರಂದು ದೆಹಲಿಯ ಬೇಡಿಕೆ 8,656 ಮೆಗಾವಾಟ್ ಮುಟ್ಟಿ ದಾಖಲೆಯಾದಾಗಲೂ ನಮ್ಮ ಮನೆಯ ಫ್ಯಾನು ತಿರುಗುತ್ತಲೇ ಇತ್ತು. ತಿರುಗಿ ತಿರುಗಿ ಬಿಸಿಗಾಳಿಯನ್ನೇ ಬೀಸುತ್ತಿತ್ತು ಎನ್ನುವುದು ಬೇರೆ ಮಾತು.

ಕರೆಂಟು ಬಂತೆಂದು ಬ್ಯಾಟರಿಯನ್ನು ಯಾರೂ ಹೊರಗೆ ಹಾಕಲಿಲ್ಲ. ಅಷ್ಟು ಹೊತ್ತಿಗೆ ಅದು ಮನೆಯವರಲ್ಲೊಬ್ಬರಾಗಿತ್ತು. ಯಾರು ಎಂದು ಕೇಳಿದರೆ, ನನ್ನ ಮಟ್ಟಿಗೆ, ಮಡಿಯ ಅಜ್ಜಿ. ಕೊಳಾಯಿ ನೀರು ಮುಟ್ಟುವುದಿಲ್ಲ, ಆರ್‌ಓ ನೀರೂ ಆಗದು, ಬಟ್ಟಿ ಇಳಿಸಿದ ನೀರೇ ಬೇಕು. ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬಬೇಕು. ಅರೆಹೊಟ್ಟೆಯಲ್ಲಿ ನಾಲ್ಕು ದಿನ ಬಿಟ್ಟರೆ ಹಾಸಿಗೆ ಹಿಡಿಯುತ್ತದೆ. ಕೆಲಸ ಕೊಟ್ಟರೂ ನಿಷ್ಠುರ, ಕೊಡದಿದ್ದರೂ ನಿಷ್ಠುರ. ಹತ್ತಿರ ಹೋದವರು ಎಚ್ಚರ ತಪ್ಪಿದರೆ ಶಿಕ್ಷೆ ತಪ್ಪದು: ಪಂಚೆ ಉಟ್ಟು ನೀರು ಹಾಕಲು ಬಗ್ಗಿದವನಿಗೆ ಆ ಕ್ಷಣ ಏನೂ ಕಾಣಿಸುವುದಿಲ್ಲ, ಪಂಚೆ ಒಗೆದು ಹರವಿದ ಮೇಲೆ ಅದರಲ್ಲಿ ಸಾಸಿವೆ ಗಾತ್ರದ ತೂತುಗಳು ಸಾಲುಗಟ್ಟಿ ಆಕಾಶ ತೋರಿಸುತ್ತವೆ.

ಎದುರುಮನೆಯ ಮಲಯಾಳಿ ಮಾಸ್ತರರು ಉಳಿತಾಯದ ಮನುಷ್ಯ. ಹೊರಗೆ ತೊಟ್ಟಿಕ್ಕುವ ಎಸಿ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಬ್ಯಾಟರಿಗೆ ಹಾಕುತ್ತಿದ್ದರು. ‘ಇದೂ ಆವಿಯಿಂದ ಇಳಿದ ನೀರೇ ಅಲ್ಲವೋ’ ಎಂದು ಅವರ ವಾದ. ಭೌತಶಾಸ್ತ್ರ ಸರಿಯೇ. ಆದರೆ ಆ ನೀರು ಎಸಿಯ ತಾಮ್ರ, ಅಲ್ಯೂಮಿನಿಯಮ್ ಸವರಿಕೊಂಡು, ದೆಹಲಿಯ ಧೂಳನ್ನೆಲ್ಲ ತೊಳೆದುಕೊಂಡು ಇಳಿದದ್ದು. ಬ್ಯಾಟರಿ ಅದನ್ನು ಒಪ್ಪಲಿಲ್ಲ. ಒಂದು ಬೇಸಿಗೆ ಕಳೆಯುವುದರೊಳಗೆ ಮಾಸ್ತರರ ಬ್ಯಾಟರಿ ಸೀಲಿಂಗ್ ಫ್ಯಾನನ್ನು ಅರ್ಧ ಗಂಟೆ ಎಳೆದು ಕೈಚೆಲ್ಲುವ ಸ್ಥಿತಿಗೆ ಬಂತು.

ಹೊಟ್ಟೆಯ ಒಳಗಿನ ಕಥೆ ಇಷ್ಟು. ಗಂಧಕಾಮ್ಲದಲ್ಲಿ ಮುಳುಗಿದ ಸೀಸದ ಫಲಕಗಳು. ಬ್ಯಾಟರಿ ಖಾಲಿಯಾಗುತ್ತ ಹೋದಹಾಗೆ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂರುತ್ತದೆ, ಚಾರ್ಜಾದಾಗ ಕರಗಿ ಬಿಡುತ್ತದೆ. ಪೂರ್ತಿ ಚಾರ್ಜಾಗದೆ ದಿನಗಟ್ಟಲೆ ಉಳಿದರೆ ಆ ಸಲ್ಫೇಟು ಗಟ್ಟಿ ಹರಳಾಗಿ ಫಲಕವನ್ನು ಕಚ್ಚಿಕೊಳ್ಳುತ್ತದೆ. ಮತ್ತೆ ಅದನ್ನು ಬಿಡಿಸುವುದು ಕಷ್ಟ. ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಸೀಸದ ಎರಡು ಹಾಳೆಗಳನ್ನು ನಡುವೆ ಬಟ್ಟೆಯಿಟ್ಟು ಸುರುಳಿ ಸುತ್ತಿ ಆಮ್ಲದಲ್ಲಿ ಇಳಿಸಿದ್ದು 1859ರಲ್ಲಿ. ನಮ್ಮಲ್ಲಿ ಸಿಪಾಯಿ ದಂಗೆ ಅಡಗಿ ಇನ್ನೂ ಹೊಗೆಯಾಡುತ್ತಿದ್ದ ಕಾಲ. ಅಲ್ಲಿಂದ ಇಲ್ಲಿಯವರೆಗೆ ರಾಜ್ಯಗಳು ಬದಲಾದವು, ರಾಜಧಾನಿ ಕಲ್ಕತ್ತದಿಂದ ದೆಹಲಿಗೆ ಬಂತು, ಬ್ಯಾಟರಿಯ ಹೊಟ್ಟೆ ಮಾತ್ರ ಮೂಲದಲ್ಲಿ ಹಾಗೆಯೇ ಉಳಿಯಿತು. ಇಷ್ಟು ದೀರ್ಘಕಾಲ ಬಾಳಿದ ವಸ್ತುವಿನ ಬಗ್ಗೆ ಹಗುರವಾಗಿ ಮಾತಾಡಲು ನನಗೆ ಮನಸ್ಸಾಗುವುದಿಲ್ಲ. ಹಗುರ ಎನ್ನುವ ಮಾತೇ ಅದಕ್ಕೆ ಹೊಂದದು: 150 ಆಂಪಿಯರ್ ಅವರಿನ ಟ್ಯೂಬುಲಾರ್ ಬ್ಯಾಟರಿ ಆಮ್ಲ ತುಂಬಿದ ಮೇಲೆ ಐವತ್ತು ಕಿಲೋ ದಾಟುತ್ತದೆ.

ಹೀಗೆ ಸೀಸದ ಸಂಸಾರ ಸಾಗುತ್ತಿರುವಾಗ ಮೂರನೇ ಮಹಡಿಯ ಒಡಿಯಾ ನೆರೆಯವರ ಮನೆಗೆ ಲಿಥಿಯಂ ಬಂತು. ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಸೀಸದ ಬ್ಯಾಟರಿ ಬರುವುದೆಂದರೆ ಇಬ್ಬರು ಹುಡುಗರು, ಒಂದು ಹಗ್ಗ, ಪ್ರತಿ ಮೆಟ್ಟಿಲಿಗೊಂದು ಬೈಗುಳ. ಇದನ್ನು ಒಬ್ಬ ಹುಡುಗ ಬಲಗೈಯಲ್ಲಿ ಹಿಡಿದು, ಎಡಗೈಯಲ್ಲಿ ಫೋನಿನಲ್ಲಿ ಮಾತಾಡುತ್ತ ಮೂರು ಮಹಡಿ ಹತ್ತಿಬಿಟ್ಟ. ನೂರು ಆಂಪಿಯರ್ ಅವರಿನ ಡಬ್ಬಕ್ಕೆ ಹನ್ನೆರಡು ಹದಿಮೂರು ಕಿಲೋ ತೂಕ. ಗೋಡೆಗೆ ತಗುಲಿಸಿದರು, ಮುಗಿಯಿತು. ನೀರಿಲ್ಲ, ವಾಸನೆಯಿಲ್ಲ, ತುದಿಯಲ್ಲಿ ಹಸಿರುಬೂಷ್ಟು ಹಿಡಿಯುವುದಿಲ್ಲ, ವ್ಯಾಸಲೀನು ಸವರಬೇಕಾಗಿಲ್ಲ. ಅವರ ಮನೆಯಾಕೆಗೆ ಮೊದಲ ವಾರ ಏನೋ ಕಳೆದುಕೊಂಡ ಭಾವ. ಶನಿವಾರ ಬೆಳಗ್ಗೆ ಗಂಡನಿಗೆ ಹೇಳಲು ಒಂದು ಕೆಲಸ ಕಡಿಮೆಯಾಯಿತಲ್ಲ.

ಸುದ್ದಿ ಹರಡಿದ ಸಂಜೆ ಪಾರ್ಕಿನಲ್ಲಿ ಅದೇ ವಿಚಾರಣೆ. ನೂರರ ಡಬ್ಬ ನೂರೈವತ್ತರ ಕೆಲಸ ಹೇಗೆ ಮಾಡೀತು ಎಂಬುದು ಮೊದಲ ಆಕ್ಷೇಪ. ಲೆಕ್ಕ ಸರಳ. ಸೀಸದ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. 150ರಲ್ಲಿ ಕೈಗೆ ಸಿಗುವುದು ಎಪ್ಪತ್ತೈದೇ, ಉಳಿದದ್ದು ಗೌರವಕ್ಕೆ. ಲಿಥಿಯಂ ನೂರರಲ್ಲಿ ಎಂಬತ್ತು ತೊಂಬತ್ತನ್ನು ಕೊಟ್ಟೂ ಮುಖ ಸಿಂಡರಿಸುವುದಿಲ್ಲ. ಬೆಲೆ ಮಾತ್ರ ಕೇಳಿದವರ ಮುಖ ಸಿಂಡರಿಸುತ್ತದೆ. ಎರಡನೆಯ ಆಕ್ಷೇಪ ಬೆಂಕಿಯದು. 2022ರ ಬೇಸಿಗೆಯಲ್ಲಿ ದೇಶದ ಅಲ್ಲಲ್ಲಿ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದರು. ‘ಬಾಂಬನ್ನು ಗೋಡೆಗೆ ನೇತುಹಾಕಿಕೊಂಡಿದ್ದೀರಿ’ ಎಂದು ಮಾಸ್ತರರು ತೀರ್ಪು ಕೊಟ್ಟರು.

ಇಲ್ಲಿ ಒಡಿಯಾ ನೆರೆಯವರು ಒಂದು ಹೆಸರು ಹೊರತೆಗೆದರು: ಪಾಢಿ. ಲಿಥಿಯಂ ಬ್ಯಾಟರಿಯಲ್ಲಿ ಹಲವು ಜಾತಿ. ಮನೆಗೂ ಸೌರ ವಿದ್ಯುತ್ತಿಗೂ ಈಗ ಬಳಸುವುದು ಹೆಚ್ಚಾಗಿ ಲಿಥಿಯಂ ಐರನ್ ಫಾಸ್ಫೇಟು. ಫಾಸ್ಫೇಟು ತನ್ನ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಅದು ಬೆಂಕಿಗೆ ಸುಲಭವಾಗಿ ತುತ್ತಾಗುವುದಿಲ್ಲ. ಅಮೆರಿಕದ ಆಸ್ಟಿನ್ನಿನಲ್ಲಿ ಜಾನ್ ಗುಡ್‌ಇನಫ್ ಎಂಬ ಮಹಾನುಭಾವರ ಪ್ರಯೋಗಶಾಲೆಯಿಂದ ಈ ವಸ್ತುವಿನ ಬಗ್ಗೆ 1997ರಲ್ಲಿ ಪ್ರಕಟವಾದ ಲೇಖನಕ್ಕೆ ಮೊದಲ ಹೆಸರು ಪಾಢಿಯವರದ್ದು. ಹೆಸರಿನಲ್ಲೇ ಒಡಿಶಾ ಇದೆ ಎಂದು ನಮ್ಮ ನೆರೆಯವರ ಎದೆ ಉಬ್ಬಿತು. ನಾನು ಸುಮ್ಮನೆ ಕೂರಲಿಲ್ಲ. ‘ಎರಡನೆಯ ಹೆಸರು ಯಾರದ್ದು, ಅದನ್ನೂ ಹೇಳಿ’ ಎಂದೆ. ಎರಡನೆಯದು ಕೆ.ಎಸ್. ನಂಜುಂಡಸ್ವಾಮಿ. ಆ ಹೆಸರು ಕೇಳಿ ಕಬಿನಿಯ ದಡದ ನಂಜನಗೂಡು ನೆನಪಾಗದ ಕನ್ನಡಿಗನುಂಟೆ? ಮೂರನೆಯದು ಗುಡ್‌ಇನಫ್. ಅವರಿಗೆ 2019ರಲ್ಲಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಜೊತೆಗೆ ನೊಬೆಲ್ ಬಂತು. ಆಗ ಅವರಿಗೆ 97 ವರ್ಷ. ಅಷ್ಟು ವಯಸ್ಸಿನಲ್ಲಿ ನೊಬೆಲ್ ಪಡೆದವರು ಇನ್ನೊಬ್ಬರಿಲ್ಲ. ಸ್ಟಾಕ್‌ಹೋಮಿನಲ್ಲಿ ಅವರ ಪರವಾಗಿ ಉಪನ್ಯಾಸ ಓದಿದವರು ತಮಿಳುನಾಡು ಮೂಲದ ಅರುಮುಗಂ ಮಂತಿರಾಮ್. ಒಡಿಯಾ, ಕನ್ನಡ, ತಮಿಳು ಎಲ್ಲ ಬಂದು ಮಲಯಾಳಂ ಮಾತ್ರ ಬಾರದೇ ಹೋದದ್ದು ಮಾಸ್ತರರಿಗೆ ಸಹನೆಯಾಗಲಿಲ್ಲ. ಉತ್ತರ ಗುರುವಾಯೂರಪ್ಪನ ದೇವಸ್ಥಾನಕ್ಕೆ ಹೊತ್ತಾಯಿತೆಂದು ಎದ್ದು ಹೋದರು.

ಅವರಿಗೆ ಬೇರೆ ನೋವೂ ಇತ್ತು. ಅವರ ಮಗ ತಾರಸಿಯ ಮೇಲೆ ಸಬ್ಸಿಡಿಯ ಸೋಲಾರ್ ಹಾಕಿಸಿದ್ದ. ಮೂರು ಕಿಲೋವಾಟಿಗೆ ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆ 78,000 ರೂಪಾಯಿ ಕೊಡುತ್ತದೆ. ಬಿಲ್ಲು ಇಳಿಯಿತು, ಮಾಸ್ತರರು ಹಿಗ್ಗಿದರು. ಒಂದು ಮಧ್ಯಾಹ್ನ, ಅಪರೂಪಕ್ಕೆ, ಕರೆಂಟು ಹೋಯಿತು. ನೆತ್ತಿಯ ಮೇಲೆ ಜೂನ್ ತಿಂಗಳ ಸೂರ್ಯ, ತಾರಸಿಯ ಮೇಲೆ ಮೂರು ಕಿಲೋವಾಟಿನ ಫಲಕ, ಮನೆಯೊಳಗೆ ಬೆವರು. ಬೀದಿಯ ಲೈನಿಗೆ ಹೊಂದಿಸಿದ ಸೋಲಾರು ಲೈನು ಸತ್ತರೆ ತಾನೂ ನಿಲ್ಲುತ್ತದೆ. ಇಲ್ಲವಾದರೆ ಕಂಬ ಹತ್ತಿದ ಲೈನ್‌ಮನ್ನಿನ ಪ್ರಾಣಕ್ಕೆ ಕುತ್ತು. ಕರೆಂಟು ಹೋದಾಗಲೂ ಫ್ಯಾನು ತಿರುಗಬೇಕಿದ್ದರೆ ಬ್ಯಾಟರಿಯ ಜೊತೆಗೆ ಹೈಬ್ರಿಡ್ ಇನ್ವರ್ಟರು ಹಾಕಿಸಬೇಕಿತ್ತು. ಇದನ್ನು ಯಾರೂ ಮೊದಲು ಹೇಳಲಿಲ್ಲವೆಂದು ಮಾಸ್ತರರು ಇಡೀ ಪಾಕೆಟ್ಟಿಗೆ ಹೇಳಿಕೊಂಡು ತಿರುಗಿದರು.

ನಮ್ಮ ಮನೆಯಲ್ಲೂ ಪ್ರಸ್ತಾಪವಿಟ್ಟೆ. ಬಾಳಿಕೆ, ತೂಕ, ನಂಜುಂಡಸ್ವಾಮಿ, ಎಲ್ಲ ವಿವರಿಸಿದೆ. ನನ್ನಾಕೆ ಪೂರ್ತಿ ಕೇಳಿಸಿಕೊಂಡು, ‘ಕರೆಂಟು ಹೋಗಿ ಎಷ್ಟು ದಿನ ಆಯ್ತು?’ ಎಂದಳು. ನೆನಪಾಗಲಿಲ್ಲ. ‘ಹಾಗಾದರೆ ಆ ದುಡ್ಡಲ್ಲಿ ಅಡುಗೆಮನೆಗೆ ಚಿಮಣಿ ಹಾಕ್ಸಿ’ ಎಂದು ವಾದ ಮುಗಿಸಿದಳು. ಸಾವಿರಾರು ಸಲ ತುಂಬಿ ಖಾಲಿಯಾಗುವ ಶಕ್ತಿಯಿರುವ ವಸ್ತುವನ್ನು ತಂದು, ತಿಂಗಳಿಗೊಮ್ಮೆ ಹತ್ತು ನಿಮಿಷ ದುಡಿಸಿ, ಉಳಿದ ಹೊತ್ತು ಗೋಡೆಗೆ ನೇತುಹಾಕುವುದು ಯಾವ ನ್ಯಾಯ? ಅವಳ ಮಾತನ್ನು ನಾನು ಒಪ್ಪಿದೆ ಎಂದು ಇಲ್ಲಿ ಬರೆಯುವುದರಿಂದ ಅಪಾಯವೇನಿಲ್ಲ. ಅವಳು ನನ್ನ ಪ್ರಬಂಧ ಓದುವುದಿಲ್ಲ.

ಬ್ಯಾಟರಿ ನಿಜಕ್ಕೂ ಬೇಕಾದವರು ನಮ್ಮ ಪಾಕೆಟ್ಟಿನಿಂದ ಹೆಚ್ಚು ದೂರವಿಲ್ಲ. ನೋಯ್ಡಾ ಲಿಂಕ್ ರಸ್ತೆ ದಾಟಿ ಯಮುನೆಯ ಕಡೆ ಇಳಿದರೆ ಚಿಲ್ಲಾ ಖಾದರ್. ನದಿಯ ಬಯಲು. ಮೂಲಂಗಿ, ಪಾಲಕ್, ಹೂಕೋಸು, ಸೋರೆ. ಉತ್ತರ ಪ್ರದೇಶ, ಬಿಹಾರಗಳಿಂದ ಬಂದ ಬೇಸಾಯಗಾರರು ಗುಡಿಸಲು ಹಾಕಿಕೊಂಡು ಬೆಳೆಯುತ್ತಾರೆ. ನಮ್ಮ ಮನೆಯ ಸಾಂಬಾರಿನ ಮೂಲಂಗಿ ಬರುವುದು ಅಲ್ಲಿಂದಲೇ. ತಲೆಯ ಮೇಲೆ ಮೆಟ್ರೋ ಓಡುತ್ತದೆ, ಪಕ್ಕದಲ್ಲಿ ಅಕ್ಷರಧಾಮ ರಾತ್ರಿಯಿಡೀ ಝಗಮಗಿಸುತ್ತದೆ, ಗುಡಿಸಲುಗಳಿಗೆ ಮಾತ್ರ ಕಂಬವಿಲ್ಲ, ಮೀಟರಿಲ್ಲ. ಸೋಗೆಯ ಮಾಡಿನ ಮೇಲೆ ಒಂದು ಸೋಲಾರ್ ಫಲಕ. ಅವರ ಬಾಯಲ್ಲಿ ಅದು ‘ಪ್ಲೇಟ್’. ಒಳಗೆ ಇಟ್ಟಿಗೆಯ ಮೇಲೆ ಒಂದು ಬ್ಯಾಟರಿ. ಅದರಿಂದ ಒಂದು ಬಲ್ಬು, ಒಂದು ಪುಟ್ಟ ಫ್ಯಾನು, ಮೊಬೈಲಿನ ಚಾರ್ಜು. ದೆಹಲಿಯ ನಟ್ಟನಡುವೆ, ಲೈನಿನ ಹಂಗಿಲ್ಲದ ಸೋಲಾರ್ ಸಂಸಾರ. ನಮ್ಮ ಬ್ಯಾಟರಿ ತಿಂಗಳಿಗೊಮ್ಮೆ ಮಾಡುವ ಕೆಲಸವನ್ನು ಅವರದ್ದು ಪ್ರತಿ ರಾತ್ರಿ ಮಾಡುತ್ತದೆ. ಹಾಗಾಗಿ ಬೇಗ ಸಾಯುತ್ತದೆ. ಸಾಯುವುದಕ್ಕೆ ಇನ್ನೊಂದು ಕಾರಣ, ಅದು ಕೊಳ್ಳುವಾಗಲೇ ಅರ್ಧ ಸತ್ತಿರುವುದು: ಕಾರಿನಿಂದ, ರಿಕ್ಷಾದಿಂದ ಇಳಿದ ಹಳೆಯ ಮಾಲು.

2023ರ ಜುಲೈ 13ರಂದು ಯಮುನೆ ಹಳೆಯ ರೈಲು ಸೇತುವೆಯ ಬಳಿ 208.66 ಮೀಟರ್ ಮುಟ್ಟಿತು. 1978ರ ದಾಖಲೆ 207.49, ಅದನ್ನು ಒಂದು ಮೀಟರಿಗಿಂತ ಹೆಚ್ಚು ಮೀರಿ ನೀರು ಬಂತು. ಖಾದರಿನ ಜನ ಮೇಲೇರಿ ಬಂದು ರಸ್ತೆಯ ಅಂಚಿನಲ್ಲಿ, ಫ್ಲೈಓವರಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ವಾರಗಟ್ಟಲೆ ಇದ್ದರು. ಯಾರು ಏನೇನು ಹೊತ್ತು ತಂದಿದ್ದರೆಂದು ನೋಡಿದರೆ ಮನೆಯಲ್ಲಿ ಯಾವುದಕ್ಕೆ ಬೆಲೆಯೆಂದು ತಿಳಿಯುತ್ತಿತ್ತು. ಮಕ್ಕಳು, ಮೇಕೆ, ಗೋಧಿ ಮೂಟೆ, ಗ್ಯಾಸ್ ಸಿಲಿಂಡರು, ಆಮೇಲೆ ಪ್ಲೇಟು. ಪ್ಲೇಟಿಗೆ ತೂಕವಿಲ್ಲ, ಹೆಂಗಸರೂ ತಲೆಯ ಮೇಲಿಟ್ಟುಕೊಂಡು ಬಂದಿದ್ದರು. ಬ್ಯಾಟರಿಗಳು ಎಲ್ಲರವೂ ಬಂದಿರಲಿಲ್ಲ. ಎದೆಮಟ್ಟದ ನೀರಿನಲ್ಲಿ ಆಮ್ಲ ತುಂಬಿದ ಸೀಸ ಹೊರುವುದು ಹುಡುಗಾಟವಲ್ಲ. ನಮಗೆ ಮೂಲಂಗಿ ಕೊಡುವ ಹೆಂಗಸು ಮುಂದೊಂದು ದಿನ ತಕ್ಕಡಿ ಹಿಡಿದೇ ಹೇಳಿದಳು: ಅವಳ ಗಂಡ ಬ್ಯಾಟರಿ ಹೊತ್ತು ತಂದನಂತೆ, ಅಂಗಿಯ ಹೆಗಲು ಸುಟ್ಟಿತಂತೆ, ಕೆಳಗಿನ ಚರ್ಮವೂ. ಈಗ ಅವಳ ಗುಡಿಸಲಲ್ಲಿರುವುದು ರಿಕ್ಷಾದ ಲಿಥಿಯಂ ಪ್ಯಾಕಿನಿಂದ ಯಾರೋ ಬಿಡಿಸಿ ಕಟ್ಟಿಕೊಟ್ಟ ಟಿಫಿನ್ ಡಬ್ಬದ ಗಾತ್ರದ ಪೆಟ್ಟಿಗೆ. ‘ಈ ಸಲ ನೀರು ಬಂದರೆ ನಾನೇ ಎತ್ತಿಕೊಂಡು ಬರ್ತೀನಿ’ ಎಂದಳು. ಲಿಥಿಯಂ ಪರವಾಗಿ ಇಷ್ಟು ಗಟ್ಟಿ ವಾದವನ್ನು ಪಾರ್ಕಿನಲ್ಲಿ ಯಾರೂ ಮಂಡಿಸಿರಲಿಲ್ಲ. ಅಂಥ ಕೈಕಟ್ಟಿನ ಪೆಟ್ಟಿಗೆಗಳಲ್ಲಿ ರಕ್ಷಣೆಯ ಸರ್ಕ್ಯೂಟು ಇರುತ್ತದೋ ಇಲ್ಲವೋ ಎಂಬ ಚಿಂತೆ ನನಗೆ ಹತ್ತಿತು. ಕೇಳಿದರೆ ಅವಳು ಮೂಲಂಗಿ ಎಷ್ಟು ಬೇಕು ಎಂದು ಕೇಳಿದಳು.

ರಿಕ್ಷಾದ ಮಾತು ಬಂತು. ಮೆಟ್ರೋ ನಿಲ್ದಾಣದ ಬಾಗಿಲಲ್ಲಿ ‘ಫೇಸ್ ಟೂ, ಫೇಸ್ ತ್ರೀ’ ಎಂದು ಕೂಗುವ ಬ್ಯಾಟರಿ ರಿಕ್ಷಾಗಳವರು ನಮಗಿಂತ ಎಷ್ಟೋ ಮೊದಲು ಸೀಸ-ಲಿಥಿಯಂ ಲೆಕ್ಕ ಹಾಕಿ ಮುಗಿಸಿದ್ದಾರೆ. ಸೀಟಿನ ಕೆಳಗೆ ನಾಲ್ಕು ಸೀಸದ ಬ್ಯಾಟರಿ, ರಾತ್ರಿಯಿಡೀ ಚಾರ್ಜು, ವರ್ಷ ತುಂಬುವುದೇ ಕಷ್ಟ. ಲಿಥಿಯಮ್ಮಿಗೆ ಸಾಲ ಮಾಡಬೇಕು, ಆದರೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಒಂದಿಷ್ಟು ಚಾರ್ಜು ಹಾಕಿ ಸಂಜೆಯ ಗಿರಾಕಿ ಹಿಡಿಯಬಹುದು. ಬಂಡಿಯ ತೂಕವೂ ಇಳಿಯುತ್ತದೆ. ಗಾಡಿ ಲಿಥಿಯಂದೋ ಸೀಸದ್ದೋ ಎಂದು ತಿಳಿಯಲು ಚಾಲಕನನ್ನು ಕೇಳಬೇಕಾಗಿಲ್ಲ, ಫ್ಲೈಓವರ್ ಹತ್ತುವಾಗ ಅವನ ಮುಖ ನೋಡಿದರೆ ಸಾಕು.

ಈ ವಿದ್ಯೆಯೆಲ್ಲ ನನಗೆ ಉಪಯೋಗಕ್ಕೆ ಬಂದದ್ದು ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆಗೆ. ಅಣ್ಣನಿರುವುದು ಕಾಡಿನ ನಡುವೆ. ಲೈನು ಎಳೆಸುವ ಅರ್ಜಿ ಅಪ್ಪನ ಕಾಲದಿಂದ ಒಂದು ಕಚೇರಿಯಿಂದ ಇನ್ನೊಂದಕ್ಕೆ ಪ್ರವಾಸದಲ್ಲಿದೆ. ಮಲೆನಾಡು, ಕರಾವಳಿಯ ಇಂಥ ಒಂಟಿಮನೆಗಳಿಗೆ ಸೋಲಾರು ಹೊಸತಲ್ಲ. ಒಡಿಶಾದ ರೂರ್ಕೆಲದಲ್ಲಿ ಬೆಳೆದ ಹರೀಶ್ ಹಂದೆ 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಕಟ್ಟಿ, ಬಡವರ ಮನೆಗೂ ಬ್ಯಾಂಕ್ ಸಾಲದಲ್ಲಿ ಸೌರದೀಪ ಮುಟ್ಟಿಸಬಹುದೆಂದು ತೋರಿಸಿದರು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. (ರೂರ್ಕೆಲದ ಸಂಗತಿಯನ್ನು ಮೂರನೇ ಮಹಡಿಯವರಿಗೆ ನಾನು ಹೇಳಿಲ್ಲ.) ಆ ಸೌರದೀಪಗಳ ಜೊತೆ ಮನೆಮನೆಯಲ್ಲೂ ಇದ್ದದ್ದು ಸೀಸದ ಬ್ಯಾಟರಿಯೇ. ಅಣ್ಣನ ಮನೆಯಲ್ಲಿ 12 ವೋಲ್ಟಿನವು ಎರಡು, ಸರಣಿಯಲ್ಲಿ ಕಟ್ಟಿ 24.

ಅದಕ್ಕೆ ಶತ್ರು ಆಗುಂಬೆಯ ಮಳೆ. ಜೂನಿನಲ್ಲಿ ಮೋಡ ಕವಿದರೆ ಸೂರ್ಯ ಮುಖ ತೋರಿಸುವುದು ಗಣೇಶನ ಹಬ್ಬದ ಆಸುಪಾಸಿಗೆ. ಫಲಕಗಳು ದಿನಕ್ಕೆ ಅಷ್ಟಿಷ್ಟು ಕೊಡುತ್ತವೆ, ಮನೆ ಅದನ್ನು ರಾತ್ರಿಯೇ ತಿಂದು ಮುಗಿಸುತ್ತದೆ, ಬ್ಯಾಟರಿ ತಿಂಗಳುಗಟ್ಟಲೆ ಅರ್ಧ ತುಂಬಿ ಅರ್ಧ ಖಾಲಿ. ಸೀಸಕ್ಕೆ ಇದಕ್ಕಿಂತ ಘೋರ ಶಿಕ್ಷೆಯಿಲ್ಲ. ಆ ಸಲ್ಫೇಟು ಹರಳುಗಟ್ಟುವುದು ಇಂಥ ದಿನಗಳಲ್ಲೇ. ಬಿಸಿಲಿನ ಊರಿನಲ್ಲಿ ಆರೇಳು ವರ್ಷ ಬಾಳುವ ಬ್ಯಾಟರಿ ಅಣ್ಣನ ಮನೆಯಲ್ಲಿ ಮೂರು ಮಳೆಗಾಲ ಕಂಡರೆ ಹೆಚ್ಚು. ಲಿಥಿಯಮ್ಮಿಗೆ ಅರೆಹೊಟ್ಟೆ ಒಂದು ತೊಂದರೆಯೇ ಅಲ್ಲ. ಯಾವಾಗಲೂ ತುಂಬಿಯೇ ಇಟ್ಟರೆ ಅದರ ಆಯಸ್ಸು ಕೊಂಚ ತಗ್ಗುತ್ತದೆ. ಜಾಹೀರಾತುಗಳಲ್ಲಿ ತೂಕದ ಬಗ್ಗೆ ಬರುತ್ತದೆ, ಬಾಳಿಕೆಯ ಬಗ್ಗೆ ಬರುತ್ತದೆ, ಮಲೆನಾಡಿನವನಿಗೆ ಎಲ್ಲಕ್ಕಿಂತ ಮುಖ್ಯವಾದ ಈ ಗುಣ ಮಾತ್ರ ಎಲ್ಲೂ ಬರುವುದಿಲ್ಲ.

ಅಣ್ಣ ಫೋನು ಮಾಡಿದ. ‘ಎರಡರಲ್ಲಿ ಒಂದು ಪೂರಾ ಸತ್ತಿದೆ ಮಾರಾಯ. ಇನ್ನೊಂದು ಗಟ್ಟಿಮುಟ್ಟಾಗಿದೆ. ಸತ್ತದ್ದನ್ನು ತೆಗೆದು ಅಲ್ಲಿಗೊಂದು ಲಿಥಿಯಂ ಇಟ್ಟರೆ ಆಗ್ತದಲ್ಲ?’

‘ಆಗೂದಿಲ್ಲ ಅಣ್ಣ.’

‘ಯಾಕೆ? ಎರಡೂ ಹನ್ನೆರಡೇ ಅಲ್ಲನಾ?’

ಹನ್ನೆರಡೆಂದು ಮೇಲೆ ಬರೆದಿರುತ್ತದೆ ಅಷ್ಟೇ. ಸೀಸದಲ್ಲಿ ಎರಡೆರಡು ವೋಲ್ಟಿನ ಆರು ಸೆಲ್ಲು. ಲಿಥಿಯಂ ಐರನ್ ಫಾಸ್ಫೇಟಿನಲ್ಲಿ 3.2 ವೋಲ್ಟಿನ ನಾಲ್ಕು, ಅಂದರೆ 12.8. ಸರಣಿಯಲ್ಲಿ ಎರಡಕ್ಕೂ ಹರಿಯುವ ಕರೆಂಟು ಒಂದೇ; ಒಂದು ತುಂಬಿ ಸಾಕೆನ್ನುವಾಗ ಇನ್ನೊಂದು ಇನ್ನೂ ಬೇಕೆನ್ನುತ್ತದೆ. ಎರಡನ್ನೂ ತೆಗೆದು 25.6 ವೋಲ್ಟಿನ ಒಂದೇ ಲಿಥಿಯಂ ಪ್ಯಾಕು ಹಾಕುವುದು ಕ್ಷೇಮ. ಇಷ್ಟೂ ಹೇಳಿದ ಮೇಲೆ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಗಟ್ಟಿಮುಟ್ಟಾಗಿರುವುದನ್ನು ಎಸೆಯುವುದು ನಮ್ಮ ವಂಶದಲ್ಲಿಲ್ಲ. ‘ಹಾಗಾದ್ರೆ ಅದನ್ನ ಕೊಟ್ಟಿಗೆ ದೀಪಕ್ಕೆ ಇಟ್ಕೊಳ್ತೀನಿ’ ಎಂದು ತಾನೇ ದಾರಿ ಕಂಡುಕೊಂಡ.

ಪ್ಯಾಕು ಬಂತು, ಕೂತಿತು. ಕೂರಿಸುವ ಮೊದಲು ಶಿವಮೊಗ್ಗದ ಹುಡುಗ ಹಳೆಯ ಚಾರ್ಜ್ ಕಂಟ್ರೋಲರನ್ನು ನೋಡಿ ತಲೆಯಾಡಿಸಿದನಂತೆ. ಸೀಸದ ಕಂಟ್ರೋಲರುಗಳಲ್ಲಿ ಆಗಾಗ ವೋಲ್ಟೇಜು ಏರಿಸಿ ಬ್ಯಾಟರಿಯನ್ನು ಕುದಿಸುವ ಒಂದು ಏರ್ಪಾಡಿರುತ್ತದೆ, ಈಕ್ವಲೈಸೇಷನ್ ಎನ್ನುತ್ತಾರೆ. ಸೀಸಕ್ಕೆ ಅದು ಔಷಧ. ಲಿಥಿಯಮ್ಮಿಗೆ ವಿಷ. ಪ್ಯಾಕಿನೊಳಗಿನ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟು ಸಿಟ್ಟಾಗಿ ಬಾಗಿಲು ಹಾಕಿಕೊಳ್ಳುತ್ತದೆ, ಮನೆ ಕತ್ತಲಾಗುತ್ತದೆ. ಅಣ್ಣನ ಕಂಟ್ರೋಲರಿನಲ್ಲಿ ಅದನ್ನು ಬಂದ್ ಮಾಡುವ ವ್ಯವಸ್ಥೆಯೇ ಇರಲಿಲ್ಲ. ಹೊಸದಕ್ಕೆ ಮತ್ತೆ ದುಡ್ಡು. ಅತ್ತಿಗೆ ಫೋನಿನಲ್ಲಿ ನನ್ನೊಂದಿಗೆ ಎರಡು ಭಾನುವಾರ ಮಾತಾಡಲಿಲ್ಲ.

ಆಮೇಲಿನ ತೊಂದರೆ ಬೇರೆಯದು. ದೀಪ ಹಚ್ಚುವ ಹೊತ್ತಿಗೆ ವೋಲ್ಟ್‌ಮೀಟರ್ ನೋಡಿ ಇವತ್ತು ಧಾರಾವಾಹಿ ಉಂಟೋ ಇಲ್ಲವೋ ಎಂದು ಘೋಷಿಸುವುದು ಅಣ್ಣನ ಅಧಿಕಾರವಾಗಿತ್ತು. ಸೀಸದ ಬ್ಯಾಟರಿ ಪ್ರಾಮಾಣಿಕ: ಎರಡಕ್ಕೂ ಸೇರಿ 25.4 ಇದ್ದರೆ ತುಂಬಿದೆ, 24.4 ಆದರೆ ಅರ್ಧ. ಲಿಥಿಯಂ ತುಂಬಿದ್ದರೂ 26ರ ಮೇಲೆ, ಅರ್ಧವಾದರೂ 26ರ ಮೇಲೆ, ಮುಕ್ಕಾಲು ಪಾಲು ಖಾಲಿಯಾದರೂ ಹೆಚ್ಚುಕಡಿಮೆ ಅಲ್ಲೇ. ಅಣ್ಣ ದಿನವೂ ಮೀಟರು ನೋಡುವುದು, ಧಾರಾಳವಾಗಿ ಅನುಮತಿ ಕೊಡುವುದು. ಒಂದು ರಾತ್ರಿ ನಾಯಕಿಯ ತಾಳಿಗೆ ಖಳನ ಕೈ ಹೋಗುವ ಹೊತ್ತಿಗೆ ಎಲ್ಲ ಕತ್ತಲು. ಲಿಥಿಯಮ್ಮಿಗೆ ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಎಣಿಸುವ ಶಂಟ್ ಮೀಟರು ಬೇಕು, ಇಲ್ಲವೇ ಪ್ಯಾಕಿನ ಲೆಕ್ಕವನ್ನು ಫೋನಿನಲ್ಲಿ ನೋಡಬೇಕು. ಈಗ ಆ ಲೆಕ್ಕ ಅತ್ತಿಗೆಯ ಫೋನಿನಲ್ಲಿ ಬರುತ್ತದೆ. ಅಧಿಕಾರ ಹಸ್ತಾಂತರವಾಗಿದೆ. ಅತ್ತಿಗೆ ನನ್ನೊಂದಿಗೆ ಮತ್ತೆ ಮಾತಾಡುತ್ತಿದ್ದಾರೆ.

ಲಿಥಿಯಮ್ಮಿಗೆ ಇನ್ನೊಂದು ಕೊರತೆಯಿದೆ, ಅದು ಸತ್ತ ಮೇಲಿನದು. ಸತ್ತ ಸೀಸದ ಬ್ಯಾಟರಿಗೆ ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟಿ ಒಯ್ಯುವವರಿದ್ದಾರೆ. ನಮ್ಮ ಓಣಿಯಲ್ಲಿ ಸೈಕಲ್ ತಳ್ಳಿಕೊಂಡು ‘ಕಬಾಡೀ’ ಎಂದು ಕೂಗುವವನು ಬ್ಯಾಟರಿ ಎಂದೊಡನೆ ಇನ್ನೆರಡು ಮೆಟ್ಟಿಲು ಬೇಗ ಹತ್ತುತ್ತಾನೆ. ಲಿಥಿಯಂ ಎಂದರೆ ತಿರುಗಿ ನೋಡುವುದಿಲ್ಲ. ಹಳೆಯದರ ಚಿಂತೆ ಯಾಕೆ, ನಮ್ಮ ನೆಲದಲ್ಲೇ ಲಿಥಿಯಂ ಸಿಕ್ಕಿದೆಯಲ್ಲ ಎಂದು ಪಾರ್ಕಿನಲ್ಲಿ ಒಬ್ಬರು ಹೆಮ್ಮೆಪಟ್ಟರು. ಸಿಕ್ಕಿದೆ ನಿಜ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಅಣು ಖನಿಜ ನಿರ್ದೇಶನಾಲಯ ಅಂದಾಜಿಸಿದ್ದು 1,600 ಟನ್. 2023ರ ಫೆಬ್ರವರಿಯಲ್ಲಿ ಜಮ್ಮುವಿನ ರಿಯಾಸಿಯಲ್ಲಿ ಸಿಕ್ಕಿತೆಂದು ಪ್ರಕಟಿಸಿದ್ದು 59 ಲಕ್ಷ ಟನ್ ಅದಿರು. ಎರಡೂ ಇನ್ನೂ ನೆಲದೊಳಗೇ ಇವೆ. ಕಬ್ಬಿನ ಗದ್ದೆಯ ಅಡಿಯಿಂದ ಅದು ಮೇಲೆ ಬರುವವರೆಗೆ, ಸತ್ತ ಬ್ಯಾಟರಿಯಿಂದ ಲಿಥಿಯಂ ತೆಗೆಯುವುದನ್ನಾದರೂ ನಾವು ಸರಿಯಾಗಿ ಕಲಿತರೆ ಒಳ್ಳೆಯದು.

ನನ್ನ ತೀರ್ಮಾನ ಹೀಗೆ. ಮಯೂರ್ ವಿಹಾರದಂಥ, ಕರೆಂಟು ಅಪರೂಪಕ್ಕೆ ಹೋಗುವ ಊರಿನಲ್ಲಿ ನಡೆಯುತ್ತಿರುವ ಸೀಸದ ಬ್ಯಾಟರಿಯನ್ನು ಕಿತ್ತು ಲಿಥಿಯಂ ಹಾಕುವುದು ದುಂದು. ದಿನವೂ ತುಂಬಿ ದಿನವೂ ಖಾಲಿಯಾಗುವ ಮನೆಗೆ, ಅಣ್ಣನ ಮನೆಗೆ, ಖಾದರಿನ ಗುಡಿಸಲಿಗೆ, ರಿಕ್ಷಾಕ್ಕೆ ಅದು ದುಂದಲ್ಲ. ಸಾಲ, ಸಬ್ಸಿಡಿ ಕೊಡುವವರು ಮೊದಲು ಅವರ ಕಡೆ ನೋಡಬೇಕು.

ಕೊನೆಗೆ ಓದುಗರಲ್ಲಿ ಒಂದು ಬಿನ್ನಹ. ಯಾವಾಗ ಬದಲಿಸಿದರೂ ಹಳೆಯ ಸೀಸವನ್ನು ಬೀದಿಯ ಕಬಾಡಿಗೆ ಮಾರಬೇಡಿ. ಅವನಿಂದ ಕೊಂಡವರು ಎಲ್ಲೋ ಹಿತ್ತಲಲ್ಲಿ ಒಡೆದು, ಆಮ್ಲವನ್ನು ಚರಂಡಿಗೆ ಚೆಲ್ಲಿ, ಸೀಸವನ್ನು ಬಯಲಲ್ಲಿ ಕರಗಿಸುತ್ತಾರೆ. ಆ ಹೊಗೆ ಅಕ್ಕಪಕ್ಕದ ಮಕ್ಕಳ ರಕ್ತ ಸೇರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ವಾಪಸು ಪಡೆದು ಸರಿಯಾಗಿ ವಿಲೇವಾರಿ ಮಾಡುವುದು ತಯಾರಕರ ಹೊಣೆ. ಹೊಸದು ಕೊಳ್ಳುವ ಅಂಗಡಿಗೇ ಹಳೆಯದನ್ನು ಕೊಡಿ, ರಸೀದಿ ಕೇಳಿ ಪಡೆಯಿರಿ. ಕಬಾಡಿ ಕೊಡುವುದಕ್ಕಿಂತ ನೂರಿನ್ನೂರು ಕಡಿಮೆ ಸಿಕ್ಕರೆ ಸಿಗಲಿ.